ಬಿಳಿ ಪಟ್ಟೆಯ ಕಲ್ಲು

"ಅಜ್ಜೀ! ನನ್ನ ಕಲ್ಲು ಕಾಣ್ತಿಲ್ಲ!"

ಮೆಲೋರಾ ಮನೆಯೊಳಕ್ಕೆ ನುಗ್ಗಿದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು. ಅಜ್ಜಿ ಒಲೆಯ ಮುಂದೆ ಕೂತು, ಅಪ್ಪನ ಕರಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಯಾವ ಕಲ್ಲೇ?"

"ಪೆಟ್ಟಿಗೆ ಮೇಲಿಟ್ಟಿದ್ದ ಕಲ್ಲು! ನಿನ್ನೆ ಸಂಜೆ ಇತ್ತು. ಈಗ ನೋಡಿದ್ರೆ ಬರೀ ಪೆಟ್ಟಿಗೆ!"

"ಪೆಟ್ಟಿಗೆ ಇದೆ ತಾನೆ? ಪೆಟ್ಟಿಗೆ ಬಿಟ್ಟು ಕಲ್ಲು ಕದಿಯೋ ಕಳ್ಳ ಯಾವನೇ? ಗಾಳಿಗೆ ಬಿದ್ದಿರುತ್ತೆ, ನೋಡು ಹೋಗು."

"ಸುತ್ತ ಎಲ್ಲಾ ಹುಡುಕಿದೆ ಅಜ್ಜಿ. ಯಾರೋ ತೆಗೆದಿದಾರೆ."

ಈಗ ಅಜ್ಜಿಯ ಸೂಜಿ ನಿಂತಿತು. ತಲೆ ಎತ್ತಿ ಮೊಮ್ಮಗಳ ಮುಖ ನೋಡಿದಳು. ಬೇರೆಯವರ ಕಲ್ಲು ಮುಟ್ಟುವವರು ಆ ದ್ವೀಪದಲ್ಲಿ ಯಾರೂ ಇರಲಿಲ್ಲ.

ಪೆನ್ವರ್ ದ್ವೀಪದಲ್ಲಿ ಮನೆಗಳಿಗೆ ಬೀಗ ಹಾಕುವುದಿಲ್ಲ. ಬೀಗದ ಕೆಲಸವನ್ನು ಅಲ್ಲಿ ಕಲ್ಲೇ ಮಾಡುತ್ತದೆ. ಸಮುದ್ರ ದಂಡೆಗೆ ತಂದು ಹಾಕಿದ ಹಲಗೆಯೋ ಪೀಪಾಯಿಯೋ ನಿಮ್ಮ ಕಣ್ಣಿಗೆ ಬಿತ್ತು ಅನ್ನಿ. ಅದನ್ನು ನೀರು ಮುಟ್ಟದಷ್ಟು ಮೇಲಕ್ಕೆ ಎಳೆದು, ಮೇಲೊಂದು ಕಲ್ಲು ಇಟ್ಟರೆ ಮುಗಿಯಿತು, ಅದು ನಿಮ್ಮದು. ಒಂದೊಂದು ಮನೆಗೆ ಒಂದೊಂದು ಬಗೆಯ ಕಲ್ಲು. ಮೆಲೋರಾಳ ಮನೆಯದು ನಡುವೆ ಬಿಳಿ ಪಟ್ಟೆ ಇರುವ ಕರಿ ಕಲ್ಲು. ಪಕ್ಕದ ಮನೆ ಕೆಜಾಯ ಅತ್ತೆಯದು ಕೆಂಪು ಕಲ್ಲು. ಕಸ್ಟಮ್ಸ್ ಸಾಹೇಬರು ಮಾತ್ರ ಈ ಶಾಸ್ತ್ರವನ್ನು ಒಪ್ಪುವುದಿಲ್ಲ. ಆದರೆ ಅವರಿರುವುದು ದೊಡ್ಡ ದ್ವೀಪದಲ್ಲಿ. ಅವರ ದೋಣಿ ಬರುವುದು ಬಹಳ ದೂರದಿಂದಲೇ ಕಾಣುತ್ತದೆ.

ಇದಕ್ಕೆ ಎರಡು ಕಟ್ಟುಪಾಡು ಉಂಟು. ಒಂದು ಹಡಗು ಒಡೆದರೆ ಒಬ್ಬರಿಗೆ ಒಂದೇ ಕಲ್ಲು, ಅದನ್ನು ಒಂದೇ ಸಲ ಇಡಬೇಕು. ಆಮೇಲೆ, ಸತ್ತವರನ್ನು ಮಣ್ಣು ಮಾಡುವ ಗಂಟೆ ಬಾರಿಸುವ ತನಕ ಯಾರೂ ಯಾವುದನ್ನೂ ಬಿಚ್ಚಿ ನೋಡುವಂತಿಲ್ಲ.

ಆ ಗಂಟೆ ಇವತ್ತು ಬಾರಿಸಲಿತ್ತು.

ಮೆಲೋರಾಳ ಪೆಟ್ಟಿಗೆ ದೊಡ್ಡದೇನಲ್ಲ. ಮೂಲೆಗಳಿಗೆ ಹಿತ್ತಾಳೆ ತಗಡು, ಮುಚ್ಚಳಕ್ಕೆ ಚರ್ಮದ ಪಟ್ಟಿ. ಅಲ್ಲಾಡಿಸಿದರೆ ಒಳಗೆ ದಡ್ ದಡ್ ಎಂದು ಏನೋ ಬಡಿಯುತ್ತಿತ್ತು. ಅದು ಬೂಟೇ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಯಾಕೆಂದರೆ ಅವಳಿಗೆ ಬೇಕಾಗಿದ್ದುದು ಬೂಟು. ಈಗ ಕಾಲಲ್ಲಿ ಇದ್ದದ್ದು ಅಕ್ಕನ ಹಳೆಯ ಬೂಟು, ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಸ್ಕೂಲಿನಲ್ಲಿ ಹುಡುಗಿಯರು ಆ ಬೆರಳಿಗೆ "ಗುಡ್ ಮಾರ್ನಿಂಗ್" ಹೇಳಿ ನಗುತ್ತಿದ್ದರು.

"ಹನ್ನೆ ಎಲ್ಲಿ?" ಎಂದು ಅಜ್ಜಿ ಥಟ್ಟನೆ ಕೇಳಿದಳು.

ಒಡೆದ ಹಡಗಿನಿಂದ ಬದುಕಿ ಬಂದ ಆ ಹುಡುಗಿಯನ್ನು ಮಲಗಿಸಿದ್ದ ಮೂಲೆಯ ಹಾಸಿಗೆ ಖಾಲಿ ಇತ್ತು. ಕಂಬಳಿ ನೀಟಾಗಿ ಮಡಿಸಿಟ್ಟಿತ್ತು. ತಟ್ಟೆಯಲ್ಲಿ ಕೇಸರಿ ಬನ್ನು ಹಾಗೇ ಇತ್ತು.

"ಅವಳೇ!" ಎಂದಳು ಮೆಲೋರಾ. "ಅವಳೇ ತೆಗೆದಿದಾಳೆ! ನನ್ನ ಹಾಸಿಗೆ ಕೊಟ್ಟೆ, ದೊಡ್ಡ ಬನ್ನೂ ಅವಳಿಗೇ ಕೊಟ್ರಿ. ಈಗ ನನ್ನ ಕಲ್ಲೂ ಬೇಕಂತಾ ಅವಳಿಗೆ?"

"ಬಾಯಿ ಮುಚ್ಚೇ. ಮೊದಲು ಹುಡುಕು. ಆ ಮಗು ದೋಣಿಮನೆ ಕಡೆ ಹೋಗಬಾರದು, ಗೊತ್ತಾಯ್ತಾ? ಹೋಗೋಕೆ ಬಿಡಬೇಡ!"

ಮೆಲೋರಾ ಓಡಿದಳು. ಹುಡುಕಿದ್ದು ಹನ್ನೆಯನ್ನಲ್ಲ, ಕಲ್ಲನ್ನು.

ಹಡಗು ಒಡೆದ ಸಂಜೆಯಿಂದ ಅವಳಿಗೆ ಯಾವುದೂ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಆ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಅಮ್ಮ ಒಬ್ಬಳು ಇರಲಿಲ್ಲ, ಅಕ್ಕನ ಬಾಣಂತನಕ್ಕೆಂದು ದೋಣಿ ಹತ್ತಿ ಹೋಗಿದ್ದಳು. ಹೊರಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಆಗ ಸಮುದ್ರದ ಕಡೆಯಿಂದ ಫಿರಂಗಿಯ ಸದ್ದು ಕೇಳಿಸಿತ್ತು. ಯಾರೂ ಬೆಚ್ಚಲಿಲ್ಲ. ದೊಡ್ಡ ಹಬೆ ಹಡಗುಗಳು ದ್ವೀಪದ ಬಂಡೆಗಳನ್ನು ದಾಟಿದ ಮೇಲೆ ಹಾಗೆ ಫಿರಂಗಿ ಹಾರಿಸುವುದು ವಾಡಿಕೆ. ಕ್ಷೇಮವಾಗಿ ದಾಟಿದೆವು, ಸುದ್ದಿ ಮುಟ್ಟಿಸಿ ಎಂದು ಅದರ ಅರ್ಥ.

"ಇವತ್ತು ಎಷ್ಟೊಂದು ಸಲ ಹೊಡೀತಿದಾರಲ್ಲಪ್ಪ?" ಎಂದು ಮೆಲೋರಾ ಕೇಳಿದ್ದಳು.

"ಮಂಜಲ್ವಾ? ನಮಗೆ ಕೇಳಿಸ್ತೋ ಇಲ್ವೋ ಅಂತ ಅನುಮಾನ, ಪಾಪ!" ಎಂದು ಅಪ್ಪ ನಕ್ಕು, ಉಪ್ಪು ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ.

ಬೆಳಗ್ಗೆ ಮಂಜು ಸರಿದಾಗ ಹಲ್ಲುಬಂಡೆಗಳ ನಡುವೆ ಹಡಗಿನ ಒಂದು ಕಂಬವೂ ಅರ್ಧ ಹೊಗೆಕೊಳವೆಯೂ ಕಾಣಿಸಿದವು. ಉಳಿದದ್ದೆಲ್ಲ ನೀರಿನಡಿ. ಊರಿನ ಗಂಡಸರೆಲ್ಲ ಹುಟ್ಟು ಹಾಕಿಕೊಂಡು ಹೋದರು. ಕಂಬಕ್ಕೆ ಅಂಟಿಕೊಂಡಿದ್ದವರನ್ನೂ ಹಲಗೆ ಹಿಡಿದು ತೇಲುತ್ತಿದ್ದವರನ್ನೂ ಕರೆತಂದರು. ಅಪ್ಪ ತನ್ನ ಕೋಟಿನಲ್ಲಿ ಸುತ್ತಿ ತಂದದ್ದು ಹನ್ನೆಯನ್ನು. ಜರ್ಮನಿಯ ಹುಡುಗಿ, ಮೆಲೋರಾಳ ವಯಸ್ಸೇ. ಎದೆ ಮುಟ್ಟಿಕೊಂಡು "ಹನ್ನೆ" ಎಂದಿದ್ದಳು. ಅಷ್ಟು ಬಿಟ್ಟರೆ ಅವಳ ಮಾತು ಇವರಿಗೆ ತಿಳಿಯದು, ಇವರ ಮಾತು ಅವಳಿಗೆ ತಿಳಿಯದು.

ಉಳಿದ ದೊಡ್ಡವರನ್ನು ಅವತ್ತು ಸಂಜೆಯೇ ದೊಡ್ಡ ದ್ವೀಪಕ್ಕೆ ಕಳಿಸಿದ್ದರು. ಈ ಮಗುವಿಗೆ ಮೈ ಸುಡುವ ಜ್ವರ. ಅದಕ್ಕೆ ಇಲ್ಲೇ ಇಟ್ಟುಕೊಂಡಿದ್ದರು.

ಅವತ್ತಿನಿಂದ ಅಪ್ಪ ನಕ್ಕಿರಲಿಲ್ಲ. ಮಾತೂ ಇಲ್ಲ. ತಣ್ಣಗಿದ್ದ ದೇಹಗಳನ್ನು ಹೊತ್ತು ಅತ್ತ ಗಂಡಸರೇ ಮಧ್ಯಾಹ್ನದ ಮೇಲೆ ಹಲಗೆಗಳಿಗಾಗಿ ದಂಡೆಯಲ್ಲಿ ಓಡಾಡಿದರು. ಅದು ಸರಿಯೋ ತಪ್ಪೋ? ಮೆಲೋರಾ ತಾನೂ ಓಡಾಡಿದ್ದಳು. ಅತ್ತದ್ದೂ ಸುಳ್ಳಲ್ಲ, ಪೆಟ್ಟಿಗೆ ಸಿಕ್ಕಾಗ ಕುಣಿದದ್ದೂ ಸುಳ್ಳಲ್ಲ. ಯೋಚಿಸಿದಷ್ಟೂ ತಲೆ ಕೆಡುತ್ತಿತ್ತು, ಅದಕ್ಕೆ ಯೋಚಿಸುವುದನ್ನೇ ಬಿಟ್ಟಿದ್ದಳು.

ದಂಡೆಯಲ್ಲಿ ಪೆಟ್ಟಿಗೆಯ ಪಕ್ಕ ಕೆಜಾಯ ಅತ್ತೆ ನಿಂತಿದ್ದಳು. ಕೈಯಲ್ಲಿ ಕೆಂಪು ಕಲ್ಲು.

"ಅತ್ತೇ! ಅದು ನಂದು!"

"ನಿಂದಾದ್ರೆ ಕಲ್ಲೆಲ್ಲಿ?"

"ಯಾರೋ ತೆಗೆದಿದಾರೆ. ಇನ್ನೊಂದು ಕಲ್ಲು ಇಡ್ತೀನಿ, ತಾಳಿ."

"ಅದೆಲ್ಲ ಆಗಲ್ಲಮ್ಮ. ಒಬ್ಬರಿಗೆ ಒಂದೇ ಕಲ್ಲು. ನಿನ್ನ ಕಲ್ಲು ಎಲ್ಲಿದೆಯೋ ಅದೇ ನಿಂದು. ನಾನು ಇನ್ನೂ ನನ್ನ ಕಲ್ಲು ಎಲ್ಲೂ ಇಟ್ಟಿಲ್ಲ, ನೋಡು." ಕೆಜಾಯ ಅತ್ತೆ ಕೆಟ್ಟವಳಲ್ಲ. ಆದರೆ ಅವಳ ಮಗಳು ಕೆರೆನ್ಸಳ ಬೂಟಿನಲ್ಲೂ ತೂತಿತ್ತು. "ಆಯ್ತು, ಅಳಬೇಡ. ಗಂಟೆ ಬಾರಿಸೋ ತನಕ ಕಾಯ್ತೀನಿ. ಅಷ್ಟರೊಳಗೆ ಅದೇ ಕಲ್ಲು ಹುಡುಕಿ ತಂದಿಟ್ರೆ ನಾನು ಎರಡನೇ ಸಲ ಅನ್ನಲ್ಲ. ಆಮೇಲೆ ನನ್ನನ್ನ ಬೈಕೋಬೇಡ."

ಒದ್ದೆ ಮರಳಲ್ಲಿ ಪುಟ್ಟ ಬರಿಗಾಲಿನ ಗುರುತುಗಳಿದ್ದವು. ಪೆಟ್ಟಿಗೆಯ ಹತ್ತಿರ ಬಂದು, ಅಲ್ಲಿಂದ ನೇರ ದೋಣಿಮನೆಯ ಕಡೆ ಹೋಗಿದ್ದವು. ಮೆಲೋರಾಳ ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದರೆ ಅರ್ಥವಾಗುತ್ತಿತ್ತು. ದಂಡೆಯ ತುಂಬ ಕಲ್ಲು ಬಿದ್ದಿರುವಾಗ ಅವಳ ಕಲ್ಲೇ ಯಾಕೆ ಬೇಕಿತ್ತು?

ದೋಣಿಮನೆಯ ಬಾಗಿಲು ಸ್ವಲ್ಪವೇ ತೆರೆದಿತ್ತು. ಒಳಗೆ, ಸಮುದ್ರದಿಂದ ಜೀವಂತ ಸಿಕ್ಕದವರನ್ನು ಹಾಯಿಬಟ್ಟೆ ಹೊದಿಸಿ ಸಾಲಾಗಿ ಮಲಗಿಸಿದ್ದರು. ಮಕ್ಕಳು ಯಾರೂ ಅಲ್ಲಿಗೆ ಹೋಗಬಾರದೆಂದು ಕಟ್ಟಪ್ಪಣೆ. ಮೆಲೋರಾ ಒಳಗೆ ಕಾಲಿಟ್ಟಳು. ಡಾಂಬರಿನ ವಾಸನೆ, ಒದ್ದೆ ಬಟ್ಟೆಯ ವಾಸನೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಯ ಹಾಯಿಬಟ್ಟೆಯ ಪಕ್ಕದಲ್ಲಿ ಹನ್ನೆ ಮಂಡಿಯೂರಿ ಕೂತಿದ್ದಳು. ಆ ಬಟ್ಟೆಯ ಮೇಲೆ, ಸರಿಯಾಗಿ ನಡುವೆ, ಬಿಳಿ ಪಟ್ಟೆಯ ಕಲ್ಲು ಇತ್ತು.

"ಕೊಡೇ ಅದನ್ನ!" ಎಂದು ಮೆಲೋರಾ ಪಿಸುಗುಟ್ಟಿದಳು. "ನಂದದು. ಕೊಡು."

ಹನ್ನೆ ಎರಡೂ ಕೈಗಳನ್ನು ಕಲ್ಲಿನ ಮೇಲಿಟ್ಟು ಮುಚ್ಚಿಕೊಂಡಳು. ಅಳಲಿಲ್ಲ. ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು, ಅಷ್ಟೇ.

ಮೆಲೋರಾ ಕೈ ಚಾಚಿ ಬಗ್ಗಿದಳು. ಆಗ ಹಾಯಿಬಟ್ಟೆಯ ಅಂಚಿನಿಂದ ಒಂದು ತೋಳಿನ ಬಟ್ಟೆ ಹೊರಗೆ ಬಂದಿದ್ದು ಕಂಡಿತು. ನೀಲಿ ಚೌಕಳಿ. ನಡುವೆ ಸಣ್ಣ ಹಳದಿ ಗೆರೆ. ಅವಳು ಹನ್ನೆಯ ಲಂಗವನ್ನು ನೋಡಿದಳು. ಅದೂ ನೀಲಿ ಚೌಕಳಿ, ನಡುವೆ ಸಣ್ಣ ಹಳದಿ ಗೆರೆ. ಒಂದೇ ತಾನಿನಿಂದ ಕತ್ತರಿಸಿ ಹೊಲಿದದ್ದು. ಮೆಲೋರಾಳ ಅಮ್ಮನೂ ಹಾಗೇ ಮಾಡುತ್ತಾಳೆ. ತನಗೊಂದು ಹೊಲಿದುಕೊಂಡು, ಉಳಿದ ತುಂಡಿನಲ್ಲಿ ಮಗಳಿಗೊಂದು.

ಚಾಚಿದ ಕೈ ಅಲ್ಲೇ ನಿಂತಿತು.

ಈಗ ಒಂದೊಂದೇ ನೆನಪಾಯಿತು. ಮೊನ್ನೆ ಗಂಡಸರು ಒಂದು ಹಾಯಿಬಟ್ಟೆ ಹೊತ್ತು ಮನೆ ಮುಂದೆ ಹೋದಾಗ ಹನ್ನೆ ಜ್ವರದಲ್ಲೇ ಎದ್ದು ಓಡಿದ್ದಳು. ಮಗು ನೋಡಬಾರದು ಎಂದು ಅಜ್ಜಿ ಅವಳನ್ನು ತಬ್ಬಿ ಹಿಡಿದು ಒಳಗೆ ತಂದಿದ್ದಳು. ಅವಳು ಬಾಗಿಲಿಗೆ ಹೋದಾಗಲೆಲ್ಲ ಯಾರಾದರೂ ಹಿಡಿದು ಕೂರಿಸಿ ಬನ್ನು ಕೊಟ್ಟಿದ್ದರು. ಪಾಪ, ಊರಿನ ನೆನಪಾಗಿರಬೇಕು ಎಂದುಕೊಂಡಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಆಮೇಲೆ ನಿನ್ನೆ ಅಜ್ಜಿಯೇ ಗಾಳಿಗೆಂದು ಅವಳನ್ನು ದಂಡೆಗೆ ಕರೆತಂದು ಕೂರಿಸಿದ್ದಳು. ಆನೆಯಂಥ ಡಿಗರಿ ಮಾವ ಪೆಟ್ಟಿಗೆಯ ಹತ್ತಿರ ಬಂದು, ಎತ್ತಿಕೊಳ್ಳಲೆಂದು ಅದರ ಚರ್ಮದ ಪಟ್ಟಿಗೆ ಕೈ ಹಾಕಲು ಹೋಗಿ, ಮೇಲಿನ ಕಲ್ಲು ನೋಡಿ, "ಓಹೋ, ಪಟ್ಟೆ ಕಲ್ಲಿನವರದಾ!" ಎಂದು ಸುಮ್ಮನೆ ತಿರುಗಿ ಹೋಗಿದ್ದ. ಹನ್ನೆ ಡಿಗರಿ ಮಾವನನ್ನೂ ನೋಡಿದ್ದಳು, ಕಲ್ಲನ್ನೂ ನೋಡಿದ್ದಳು. ತುಂಬ ಹೊತ್ತು ನೋಡಿದ್ದಳು.

ಹೊರಗೆ ಹೆಜ್ಜೆ ಸದ್ದಾಯಿತು. ಅಪ್ಪ, ಡಿಗರಿ ಮಾವ, ಇನ್ನೂ ಕೆಲವರು, ಅವರ ಹಿಂದೆ ಪಾದ್ರಿ ಕಿಟ್ಟೊ. ಎಲ್ಲರೂ ಕರಿ ಕೋಟು ಹಾಕಿದ್ದರು. ಅಪ್ಪನ ಕೋಟಿಗೆ ಮಾತ್ರ ಒಂದು ಗುಂಡಿ ಇರಲಿಲ್ಲ.

"ಇದೇನಿದು, ಮಕ್ಕಳು ಇಲ್ಲಿ!" ಎಂದರು ಪಾದ್ರಿ. "ಆಚೆ ಕಳಿಸಿ ಮೊದಲು. ಗುಂಡಿ ತೋಡಿ ಆಗಿದೆ. ಹೆಸರು ಗೊತ್ತಿರೋರನ್ನ ಬೇರೆ ಬೇರೆ ಇಡೋಣ. ಹೆಸರು ಗೊತ್ತಿಲ್ಲದವರನ್ನೆಲ್ಲ ದೊಡ್ಡ ಗುಂಡೀಲಿ ಒಟ್ಟಿಗೆ. ಬೇರೆ ದಾರಿಯಿಲ್ಲ."

ಗಂಡಸರು ಒಬ್ಬೊಬ್ಬರನ್ನೇ ಎತ್ತಿ ಹೊರಗೆ ಸಾಗಿಸಿದರು. ಕೊನೆಯ ಹಾಯಿಬಟ್ಟೆಗೆ ಬಂದಾಗ ಡಿಗರಿ ಮಾವ ಬಗ್ಗಿದವನು ಬಗ್ಗಿದಲ್ಲೇ ನಿಂತ.

"ಕಲ್ಲಿದೆ," ಎಂದ.

"ಇದ್ರೆ ಏನಾಯ್ತು? ತೆಗೆದು ಪಕ್ಕಕ್ಕಿಡಪ್ಪ."

"ಅದು ನನ್ನಿಂದಾಗಲ್ಲ ಪಾದ್ರಿಗಳೇ. ಇಟ್ಟೋರೇ ತೆಗೀಬೇಕು."

ಬೇರೆ ಯಾರಾದರೂ ಮುಂದೆ ಬರಬಹುದೆಂದು ಪಾದ್ರಿ ಸುತ್ತ ನೋಡಿದರು. ಒಬ್ಬರೂ ಕೈ ಹಾಕಲಿಲ್ಲ. ಬಿರುಗಾಳಿಯಲ್ಲಿ ಹಲ್ಲುಬಂಡೆಗೆ ದೋಣಿ ಬಿಡುವ ಗಂಡಸರು ಒಂದು ಮುಷ್ಟಿಯಷ್ಟು ಕಲ್ಲಿನ ಮುಂದೆ ಕೈಕಟ್ಟಿ ನಿಂತರು.

"ಪಟ್ಟೆ ಕಲ್ಲು. ನಮ್ಮ ಮನೇದು," ಎಂದು ಅಪ್ಪ ಮೆಲ್ಲಗೆ ಹೇಳಿದ. "ಮೆಲೋರಾ, ನಿಂದೇನೇ ಇದು?"

ಅಷ್ಟರಲ್ಲಿ ಗುಡ್ಡದ ಮೇಲಿನ ಚರ್ಚಿನಿಂದ ಗಂಟೆ ಬಾರಿಸತೊಡಗಿತು.

ಮೆಲೋರಾ ಬಾಗಿಲ ಕಡೆ ತಿರುಗಿ ನೋಡಿದಳು. ಈಗಲೇ ಕಲ್ಲು ಎತ್ತಿಕೊಂಡು ಓಡಿದರೆ, ಕೆಜಾಯ ಅತ್ತೆ ಇನ್ನೂ ಕಾಯುತ್ತಿರಬಹುದು. ಕಲ್ಲು ತನ್ನದೇ. ತೆಗೆಯುವ ಹಕ್ಕೂ ತನ್ನದೇ. ಯಾರೂ ತಪ್ಪು ಎನ್ನುವುದಿಲ್ಲ. ಅವಳು ಹನ್ನೆಯನ್ನು ನೋಡಿದಳು. ಹನ್ನೆಗೆ ಮಾತು ಒಂದೂ ತಿಳಿದಿರಲಿಲ್ಲ, ಆದರೆ ಕೈಗಳನ್ನು ಕಲ್ಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳೂ ಕಾಯುತ್ತಿದ್ದಳು.

"ನಂದೇ ಅಪ್ಪ," ಎಂದಳು ಮೆಲೋರಾ. "ನಾನು ತೆಗೆಯಲ್ಲ."

"ಏನಂದೆ?"

"ತೆಗೆಯಲ್ಲ. ಇವರು ಇವಳ ಅಮ್ಮ. ಬಟ್ಟೆ ನೋಡು, ಲಂಗ ನೋಡು. ಕಲ್ಲು ಇಲ್ಲಿದೆ, ಅಂದ್ರೆ ಇವರು ನಮ್ಮನೆಯೋರು. ದೊಡ್ಡ ಗುಂಡೀಲಿ ಹಾಕೋ ಹಾಗಿಲ್ಲ."

ಅಪ್ಪ ಆ ತೋಳನ್ನು ನೋಡಿದ. ಹನ್ನೆಯ ಲಂಗವನ್ನು ನೋಡಿದ. ಆಮೇಲೆ ಧಡಕ್ಕನೆ ನೆಲದ ಮೇಲೆ ಕೂತುಬಿಟ್ಟ.

"ನೀನು ಕೇಳಿದ್ದೆ," ಎಂದ. "ಎಷ್ಟೊಂದು ಸಲ ಹೊಡೀತಿದಾರಲ್ಲ ಅಂತ ಕೇಳಿದ್ದೆ ನೀನು. ನಾನು ನಕ್ಕೆ. ಕರೀತಿದ್ರು ಕಣೇ ಅವರು... ನಾನು ಕೂತು ಮೀನು ತಿಂತಿದ್ದೆ."

ಅಪ್ಪ ಅಳುವುದನ್ನು ಮೆಲೋರಾ ಯಾವತ್ತೂ ನೋಡಿರಲಿಲ್ಲ. ಅವಳಿಗೆ ತುಂಬ ಭಯವಾಯಿತು. ಡಿಗರಿ ಮಾವ ಅಪ್ಪನ ಭುಜದ ಮೇಲೆ ಕೈಯಿಟ್ಟ. "ಎಲ್ರೂ ತಿಂತಿದ್ವಿ," ಎಂದ.

ಏದುಸಿರು ಬಿಡುತ್ತ ಅಜ್ಜಿ ಬಂದದ್ದು ಆಗ. ಕೈಯಲ್ಲಿ ಇನ್ನೂ ಸೂಜಿ ದಾರ. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು.

"ಅಯ್ಯೋ ನನ್ನ ಬುದ್ಧಿಗೆ!" ಎಂದು ಹಣೆ ಚಚ್ಚಿಕೊಂಡಳು. "ತೋರಿಸಬಾರದು ತೋರಿಸಬಾರದು ಅಂತ ನಾನೇ ಬಾಗಿಲು ಹಾಕ್ಕೊಂಡು ಕೂತಿದ್ನಲ್ಲ! ಬಾ ಮಗು." ಹನ್ನೆಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಈ ಸಲ ಹನ್ನೆ ಬಿಡಿಸಿಕೊಳ್ಳಲಿಲ್ಲ.

"ಆದ್ರೆ ಬೇರೆ ಗುಂಡಿ ತೋಡಿಲ್ಲವಲ್ಲಮ್ಮ," ಎಂದರು ಪಾದ್ರಿ. ಅವರ ದನಿಯೂ ಮೆತ್ತಗಾಗಿತ್ತು. "ಜಾಗವಾದ್ರೂ ಎಲ್ಲಿದೆ?"

"ನಮ್ಮೆಜಮಾನರ ಪಕ್ಕ ಇದೆ. ನನಗೇಂತ ಬಿಟ್ಟಿರೋ ಜಾಗ. ಅಲ್ಲಿ ಮಲಗಿಸಿ. ನನಗೇನು ಅವಸರ ಇಲ್ಲ. ಅಲ್ಲದೆ ಆ ಮನುಷ್ಯನ ಗೊರಕೆ ಪಕ್ಕ ನಾನು ಮಲಗಿದ್ದು ಸಾಕು."

ಯಾರೋ ನಕ್ಕರು. ನಗಬಾರದ ಜಾಗ ಎಂದು ನೆನಪಾಗಿ ಕೆಮ್ಮಿದರು. ಅಪ್ಪ ಮುಖ ಒರೆಸಿಕೊಂಡು ಎದ್ದು, ಗುದ್ದಲಿ ತೆಗೆದುಕೊಂಡು ಗುಡ್ಡ ಹತ್ತಿದ.

ಸಂಜೆ ಎಲ್ಲ ಮುಗಿದ ಮೇಲೆ ಮೆಲೋರಾ ದಂಡೆಗೆ ಹೋದಳು. ಪೆಟ್ಟಿಗೆ ಇದ್ದಲ್ಲಿ ಮರಳಿನ ಮೇಲೆ ಚೌಕದ ಗುರುತು ಮಾತ್ರ ಇತ್ತು.

ಮುಂದಿನ ವಾರ ಸ್ಕೂಲು ಶುರುವಾಯಿತು. ಕೆರೆನ್ಸ ಒಳಗೆ ಬಂದಳು. ಕಿರ್ ಕಿರ್ ಕಿರ್. ಕೆಂಪು ಚರ್ಮದ ಬೂಟು, ಪಕ್ಕದಲ್ಲಿ ಸಾಲು ಗುಂಡಿ. ಟೀಚರ್ ಕೂಡ ಪಾಠ ನಿಲ್ಲಿಸಿ ನೋಡಿದರು. ಮೆಲೋರಾಳಿಗೆ ಹೊಟ್ಟೆ ಉರಿಯಿತು. ಸ್ವಲ್ಪವಲ್ಲ, ಚೆನ್ನಾಗಿಯೇ ಉರಿಯಿತು. ತಾನು ಮಾಡಿದ್ದು ಸರಿಯಾದರೆ ಇಷ್ಟೊಂದು ಉರಿ ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ. ಹೆಬ್ಬೆರಳನ್ನು ಬೆಂಚಿನ ಕೆಳಗೆ ಮುದುಡಿ ಕೂತಳು.

ಮನೆಗೆ ಬಂದಾಗ ಅಂಗಳದ ಕೋಳಿಗಳ ನಡುವೆ ಹನ್ನೆ ಕೂತಿದ್ದಳು, ಸಮಾಧಿಯ ಸುತ್ತ ಇಡಲು ಪಟ್ಟೆ ಕಲ್ಲು ಆರಿಸುತ್ತ. ಮೆಲೋರಾಳೂ ಪಕ್ಕದಲ್ಲಿ ಕೂತು ಆರಿಸಿದಳು.

ಕೆಲವು ದಿನ ಕಳೆದು ಅಂಚೆ ದೋಣಿಯಲ್ಲಿ ಹನ್ನೆಯ ಸೋದರಮಾವ ಬಂದರು. ಎತ್ತರದ ಮನುಷ್ಯ. ತಂಗಿಯ ಸಮಾಧಿಯ ಮುಂದೆ ಟೋಪಿ ತೆಗೆದು ತುಂಬ ಹೊತ್ತು ನಿಂತರು. ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಅಪ್ಪ ತಲೆ ತಗ್ಗಿಸಿದ. ಅವರು ಕೈ ಬಿಡಲಿಲ್ಲ.

ಕಡವಿನಲ್ಲಿ ದೋಣಿ ಹೊರಡಲು ಸಿದ್ಧವಾಯಿತು. ಅಜ್ಜಿ ಕೇಸರಿ ಬನ್ನುಗಳ ಗಂಟು ಕೊಟ್ಟಳು. ಹನ್ನೆ ಎಲ್ಲರಿಗೂ ಬಗ್ಗಿ ವಂದಿಸಿದಳು. ದೋಣಿ ಹತ್ತಲು ಹೋದವಳು ಮಾವನ ಕೈ ಬಿಡಿಸಿಕೊಂಡು ದಂಡೆಗೆ ಓಡಿದಳು.

"ಏ, ಎಲ್ಲಿಗೆ ಓಡ್ತಿದೆ ಈ ಮಗು?" ಎಂದು ದೋಣಿಯವನು ಕೂಗಿದ. "ಇಳಿತ ಶುರುವಾಯ್ತು ಕಣ್ರೋ!"

ಹನ್ನೆ ಬಗ್ಗಿ ಬಗ್ಗಿ ಏನೋ ಹುಡುಕಿ ಓಡೋಡಿ ಬಂದಳು. ಮೆಲೋರಾಳ ಮುಂದೆ ಕೂತಳು. ಅವಳ ಹರಕು ಬೂಟಿನ ಮೇಲೆ, ಹೆಬ್ಬೆರಳು ಇಣುಕುವ ತೂತಿನ ಹಿಂದೆ, ಒಂದು ಪುಟ್ಟ ಕರಿ ಕಲ್ಲು ಇಟ್ಟಳು. ನಡುವೆ ದಾರದಷ್ಟು ತೆಳ್ಳಗೆ ಬಿಳಿ ಪಟ್ಟೆ. ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ತೆಗೆದು, ಮೆಲೋರಾಳ ಮುಖ ನೋಡಿ, ಹೋಗಿ ದೋಣಿ ಹತ್ತಿದಳು.

ದೋಣಿ ಹಾಯಿ ಬಿಚ್ಚಿತು. ಹಲ್ಲುಬಂಡೆಗಳನ್ನು ದೂರದಿಂದ ಬಳಸಿಕೊಂಡು ಹೋಯಿತು.

"ನಡಿಯೇ, ಚಳಿಯಾಗ್ತಿದೆ," ಎಂದಳು ಅಜ್ಜಿ.

"ನೀನು ಹೋಗಿರಜ್ಜಿ. ಬರ್ತೀನಿ."

ಮೆಲೋರಾ ಕೈ ಬೀಸುತ್ತ ನಿಂತಳು. ಗಾಳಿ ಜೋರಾಗಿತ್ತು. ದೋಣಿ ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಗುವ ತನಕ ಅವಳು ಆ ಕಾಲನ್ನು ಒಂದಿಷ್ಟೂ ಅಲುಗಿಸಲಿಲ್ಲ.